ಬರ್ತೀನಿ ಅಂದವರು ಯಾವ ಕಾಲಂಗೆ?

ಕೆಲವರ ಜಾತಕದಲ್ಲಿ ಧನಯೋಗ ಇರುತ್ತದೆ, ಕೆಲವರದರಲ್ಲಿ ರಾಜಯೋಗ. ನನ್ನದರಲ್ಲಿ ಇರುವುದು ಎಡವಟ್ಟು ಯೋಗ. ಮೊದಲೆಲ್ಲ ವಾರಕ್ಕೊಂದು ಎಡವಟ್ಟು ಆಗುತ್ತಿತ್ತು. ಎಲ್ಲ ಕೆಲಸವನ್ನೂ ಲೆಕ್ಕಾಚಾರ ಹಾಕಿ ಅಚ್ಚುಕಟ್ಟಾಗಿ ಮಾಡುವುದು ಹೇಗೆಂದು ಕಲಿಸುವ ಓದಿಗೆ ಸೇರಿದ ಮೇಲೆ ದಿನಕ್ಕೊಂದು ಆಗತೊಡಗಿತು.

ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಗಣಿತ ಹೇಳಿಕೊಡುತ್ತಿದ್ದವಳು ನಾನು. ನಮ್ಮವರು ನರ್ಸ್. ಅವರಿಗೆ ವೆಲಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಬಂದು ಹತ್ತು ವರ್ಷವಾಯಿತು. ಮಗಳು ಹುಟ್ಟಿದಳು, ಬೆಳೆದಳು, ನಾನು ಮಾತ್ರ ಇದ್ದಲ್ಲೇ ಇದ್ದೆ. ಮೂವತ್ತೆಂಟನೆಯ ವಯಸ್ಸಿಗೆ ಏನೋ ಹುಮ್ಮಸ್ಸು ಬಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಓದಲು ಸೇರಿಕೊಂಡೆ. ಮೊದಲ ಸೆಮಿಸ್ಟರ್ ಹೇಗೋ ದಾಟಿತು. ಎರಡನೆಯದಕ್ಕೆ ಮನೆಯಲ್ಲಿ ಮಗಳನ್ನು ನೋಡಿಕೊಳ್ಳಲು ಮೈಸೂರಿನಿಂದ ಅತ್ತೆ ಬಂದರು.

ಅತ್ತೆ ರಿಟೈರ್ ಆದವರು. ಬಸ್ ಡಿಪೋ ಆಫೀಸಿನಲ್ಲಿ ಏನೋ ಬರೆಯುವ ಕೆಲಸ ಅವರದು. ಏನು ಬರೆಯುತ್ತಿದ್ದರೆಂದು ಮದುವೆಯಾದ ಹನ್ನೆರಡು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೆ ನಾಚಿಕೆಯಾಗುವ ಜಾಗದಲ್ಲಿ ಬೇಕಾಗುತ್ತದೆ.

ಅವರ ವೀಸಾ ಜನವರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ನನಗೊಂದು ಕೆಲಸ ಸಿಗಬೇಕು, ಅದನ್ನು ಅತ್ತೆ ಕಣ್ಣಾರೆ ನೋಡಿ ಹೋಗಬೇಕು ಎನ್ನುವುದೊಂದೇ ನನ್ನ ಹಂಬಲ. ಆ ವಯಸ್ಸಿನಲ್ಲಿ ಸಮುದ್ರ ದಾಟಿ ಬಂದು, ಈ ಊರಿನ ಗಾಳಿಗೆ ಸೆರಗು ಹಿಡಿದುಕೊಂಡು ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುತ್ತಿದ್ದವರ ಶ್ರಮ ದಂಡವಾಗಬಾರದಲ್ಲ.

ಯಾವ ಸೈನ್ಸು?

ಅತ್ತೆ ಬಂದ ಮೂರನೆಯ ದಿನ ಕಾಫಿ ಕುಡಿಯುತ್ತಾ ಕೇಳಿದರು.

"ಅದೇನಮ್ಮ ನೀನು ಓದ್ತಿರೋದು?"

"ಮ್ಯಾನೇಜ್‌ಮೆಂಟ್ ಸೈನ್ಸ್ ಅತ್ತೆ."

"ಮ್ಯಾನೇಜ್‌ಮೆಂಟೋ, ಸೈನ್ಸೋ? ಯಾವುದಾದ್ರೂ ಒಂದು ಹೇಳು."

"ಎರಡೂ ಒಂದೇ ಅತ್ತೆ."

"ಮ್ಯಾನೇಜ್ ಮಾಡೋದಕ್ಕೂ ಸೈನ್ಸ್ ಬಂತಾ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಮ್ಯಾನೇಜ್ ಮಾಡೋದು ಎಂದರೆ ಅರ್ಥವೇ ಬೇರೆ. ಗ್ಯಾಸ್ ಮುಗಿದಿದೆ, ನೆಂಟರು ಬಾಗಿಲಲ್ಲಿದ್ದಾರೆ, ಆಗ ಹೇಗೋ ಮ್ಯಾನೇಜ್ ಮಾಡುತ್ತೇವೆ. ಮೂರು ಜನರ ಸೀಟಿನಲ್ಲಿ ಐದು ಜನ ಕೂತು ಹಾಸನದವರೆಗೆ ಮ್ಯಾನೇಜ್ ಮಾಡುತ್ತೇವೆ. ಪರೀಕ್ಷೆಗೆ ಏನೂ ಓದದೆ ಹೋಗಿಯೂ ಮ್ಯಾನೇಜ್ ಮಾಡುತ್ತೇವೆ. ಅಂದರೆ, ಯಾವ ಯೋಜನೆಯೂ ಇಲ್ಲದೆ ಬಚಾವಾಗುವುದಕ್ಕೆ ನಾವು ಇಟ್ಟುಕೊಂಡ ಹೆಸರು ಅದು. ನನ್ನ ಓದು ಅದಕ್ಕೆ ಸಂಪೂರ್ಣ ವಿರುದ್ಧವಾದದ್ದು ಎಂದು ವಿವರಿಸಲು ಹೊರಟೆ.

"ನೋಡಿ ಅತ್ತೆ, ಇರೋದು ಕಮ್ಮಿ, ಬೇಕು ಅನ್ನೋರು ಜಾಸ್ತಿ. ಆಗ ಇರೋದನ್ನ ಎಲ್ಲರಿಗೂ ಚೆನ್ನಾಗಿ ಹೊಂದಿಸೋದು ಹೇಗೆ ಅಂತ ಗಣಿತದಲ್ಲಿ ಕಂಡುಹಿಡೀತೀವಿ. ಈಗ ನಾಲ್ಕು ಜನಕ್ಕೆ ಅಂತ ಸಾರು ಮಾಡಿದ್ದೀರಿ, ಏಳು ಜನ ಬಂದ್ರು ಅಂತಿಟ್ಕೊಳ್ಳಿ. ಏನು ಮಾಡ್ತೀರಿ?"

"ನೀರು ಹಾಕ್ತೀನಿ."

"ಸರಿ. ಆದರೆ ರುಚಿ ಕೆಡದ ಹಾಗೆ, ಯಾರಿಗೂ ಕಮ್ಮಿಯಾಗದ ಹಾಗೆ, ಎಷ್ಟು ನೀರು ಹಾಕಬೇಕು? ಅದನ್ನೇ ನಾವು ಕರೆಕ್ಟಾಗಿ ಲೆಕ್ಕ ಹಾಕೋದು."

ಅತ್ತೆ ತಲೆಯಾಡಿಸಿ ಲೋಟ ತೊಳೆಯಲು ಎದ್ದರು. ಅರ್ಥವಾಯಿತು ಎಂದುಕೊಂಡೆ. ಅರ್ಥವಾಗಿಯೂ ಇತ್ತು. ಅವತ್ತು ಸಂಜೆ ಮೈಸೂರಿನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಹೂಂ ಕಣೇ, ಚೆನ್ನಾಗಿದ್ದಾರೆ. ನಮ್ಮ ಸೊಸೆ ಸಾರಿಗೆ ನೀರು ಹಾಕೋದರಲ್ಲಿ ಡಿಗ್ರಿ ಮಾಡ್ತಾ ಇದ್ದಾಳೆ."

ಫ್ರಿಜ್ಜಿನ ಮೇಲಿನ ಚಾರ್ಟು

ಒಂದು ಪಾಠದಲ್ಲಿ ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಕೆಲಸಗಳಾಗಿ ಒಡೆದು, ಯಾವುದು ತಡವಾದರೆ ಎಲ್ಲವೂ ತಡವಾಗುತ್ತದೆ ಎಂದು ಹುಡುಕುವುದನ್ನು ಕಲಿಸಿದರು. ಎಲ್ಲವನ್ನೂ ತಡೆದು ನಿಲ್ಲಿಸುವ ಆ ಇಕ್ಕಟ್ಟಿನ ಜಾಗಕ್ಕೆ ಬಾಟಲ್‌ನೆಕ್ ಎಂದು ಹೆಸರು. ಸೇತುವೆ ಕಟ್ಟುವವರು, ಹಡಗು ಕಟ್ಟುವವರು ಬಳಸುವ ಲೆಕ್ಕ ಅದು. ನಾನು ಅದನ್ನು ನಮ್ಮ ಮನೆಯ ಬೆಳಗಿಗೆ ಬಳಸಿದೆ.

ನಮ್ಮ ಬೆಳಗು ಒಂದು ಕುರುಕ್ಷೇತ್ರ. ದೋಸೆ, ಡಬ್ಬಿ, ಜಡೆ, ಸ್ನಾನ, ನಮ್ಮವರ ಶಿಫ್ಟು, ಕೊನೆಗೆ ಜಾನ್ಸನ್‌ವಿಲ್ ಸ್ಟೇಶನ್ನಿಗೆ ನನ್ನ ಓಟ. ವಾರದಲ್ಲಿ ಮೂರು ದಿನ ರೈಲು ನನ್ನ ಕಣ್ಣೆದುರೇ ಹೊರಡುತ್ತಿತ್ತು. ಒಂದು ಇಡೀ ಭಾನುವಾರ ಕೂತು ನಾಲ್ಕು ಬಣ್ಣದಲ್ಲಿ ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು, ಎಷ್ಟು ನಿಮಿಷ ಇರಬೇಕು, ಎಲ್ಲ ಅದರಲ್ಲಿತ್ತು. ಅತ್ತೆಯ ಪೂಜೆಗೆ ಹನ್ನೊಂದು ನಿಮಿಷ ಕೊಟ್ಟಿದ್ದೆ.

ಅತ್ತೆ ಕನ್ನಡಕ ಏರಿಸಿಕೊಂಡು ಓದಿ ಕೇಳಿದರು: "ದೇವರಿಗೆ ಹೇಳಿದ್ದೀಯಾ?"

ಸೋಮವಾರ ಎಲ್ಲರೂ ಚಾರ್ಟಿನ ಪ್ರಕಾರವೇ ನಡೆದರು. ರೈಲು ತಪ್ಪಿತು. ಮಂಗಳವಾರವೂ ನಡೆದರು, ತಪ್ಪಿತು. ನಮ್ಮವರು ದೋಸೆ ನುಂಗುವ ವೇಗ ಸಾಲದೆಂದು ಅವರ ಮೇಲೆ ರೇಗಿದೆ. ಪಾಪ, ಅವರು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮುತ್ತಲೇ ಆಸ್ಪತ್ರೆಗೆ ಹೋದರು. ಡ್ಯೂಟಿಗೇ ಹೋಗುತ್ತಿದ್ದುದರಿಂದ ಬೇರೆ ಚಿಂತೆ ಇರಲಿಲ್ಲ.

ಬುಧವಾರ ಬೆಳಗ್ಗೆ ಮಗಳು ಅಡಿಗೆಮನೆಯ ಟೈಮರ್ ಹಿಡಿದು ಮೂಲೆಯಲ್ಲಿ ನಿಂತಳು. ಒಂಬತ್ತು ವರ್ಷದವಳು, ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ರೈಲು ತಪ್ಪಿಸಿಕೊಂಡು ನಾನು ವಾಪಸ್ ಬಂದಾಗ ಸ್ಕೂಲಿನ ಪ್ರಾಜೆಕ್ಟ್ ಓದುವ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು. ಅಪ್ಪನ ಟೈಮ್ ಸರಿ ಇದೆ. ಅಜ್ಜಿಯದು ಸರಿ ಇದೆ, ದೇವರೂ ಸರಿಯಾಗಿ ಮುಗಿಸಿದ್ದಾರೆ. ಫ್ರಿಜ್ ಮುಂದೆ ನಿಂತುಕೊಂಡು ಚಾರ್ಟ್ ಓದುವುದಕ್ಕೆ ಅಮ್ಮ ಒಂಬತ್ತು ನಿಮಿಷ ತಗೊಳ್ಳುತ್ತಾಳೆ.

ಆಮೇಲೆ ನನ್ನ ಬೆನ್ನು ತಟ್ಟಿ ಹೇಳಿದಳು: "ಸಾರಿ ಅಮ್ಮಾ. ಯು ಆರ್ ದ ಬಾಟಲ್‌ನೆಕ್."

ಕಿವಿ ಹುಡುಗಿಯ ಕಿವಿ

ಇಲ್ಲಿಯವರು ಈ ದೇಶದ ಹಕ್ಕಿಯೊಂದರ ಹೆಸರು ಹಿಡಿದು ತಮ್ಮನ್ನು ತಾವು ಕಿವಿ ಎಂದು ಕರೆದುಕೊಳ್ಳುತ್ತಾರೆ. ನನ್ನ ಜೊತೆ ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿಯನ್ನು ಮನೆಗೆ ಕರೆತಂದು, "ಅತ್ತೆ, ಇವಳು ಕಿವಿ ಹುಡುಗಿ" ಎಂದಾಗ ಅತ್ತೆ ಅವಳ ಎರಡೂ ಕಿವಿಗಳನ್ನು ಅನುಕಂಪದಿಂದ ನೋಡಿದರು. "ಸರಿಯಾಗೇ ಇದೆಯಲ್ಲಮ್ಮ, ಕೇಳಿಸಲ್ವಾ ಪಾಪ?" ಅಂದರು.

ಆ ಸಲದ ಪಾಠ ಸರದಿ ಸಾಲಿನದು. ಕ್ಯೂ ಹೇಗೆ ಬೆಳೆಯುತ್ತದೆ, ಹೇಗೆ ಕರಗುತ್ತದೆ ಎನ್ನುವುದಕ್ಕೆ ಒಂದಿಡೀ ಶಾಸ್ತ್ರವೇ ಇದೆ. ಜನ ಸೇರುವ ಜಾಗಕ್ಕೆ ಹೋಗಿ, ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂದು ಬರೆದುಕೊಂಡು, ಮುಂದೆ ಎಷ್ಟು ಗದ್ದಲವಾಗುತ್ತದೆ ಎಂದು ಹೇಳಬೇಕು. ಮಿಕ್ಕವರು ಕೆಫೆ, ಸೂಪರ್ ಮಾರ್ಕೆಟ್ಟು, ಬೀದಿ ಮೂಲೆಯ ಡೇರಿ ಅಂಗಡಿ ಆರಿಸಿಕೊಂಡರು. ನಾನು ಎದೆ ಸೆಟೆಸಿ, "ನಮ್ಮ ಕನ್ನಡದವರ ಗಣೇಶನ ಹಬ್ಬದ ಊಟ" ಎಂದೆ.

ಹಬ್ಬದ ದಿನ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಕೋಸಂಬರಿ ಬಡಿಸುವ ಡ್ಯೂಟಿ ನನಗೇ ಬಿತ್ತು. ಹಾಗಾಗಿ ಲೆಕ್ಕ ಬರೆಯಲು ಕಿವಿ ಹುಡುಗಿಯನ್ನು ಬಾಗಿಲ ಬಳಿ ಕೂರಿಸಿದೆ. ಅವಳ ಹಾಳೆಯಲ್ಲಿ ಎರಡೇ ಕಾಲಂ: ಬಂದವರು, ಹೋದವರು. ಅರ್ಧ ಗಂಟೆಗೆ ನನ್ನನ್ನು ಹುಡುಕಿಕೊಂಡು ಬಂದಳು. "ಎಲ್ಲರೂ ಬಾಗಿಲಲ್ಲೇ ನಿಂತು ಮಾತಾಡ್ತಾರೆ. ಒಳಗೆ ಬರ್ತಿದ್ದಾರೋ ಹೊರಗೆ ಹೋಗ್ತಿದ್ದಾರೋ ಗೊತ್ತಾಗ್ತಿಲ್ಲ. ನಿಮ್ಮ ಭಾಷೇಲಿ ಬರೋದಕ್ಕೆ ಏನಂತಾರೆ?"

ಕೋಸಂಬರಿ ಬಕೆಟ್ ಹಿಡಿದು ಓಡುತ್ತಿದ್ದ ನಾನು ಹೇಳಿದೆ: "'ಬರ್ತೀನಿ' ಅಂದ್ರೆ ನಾನು ಬರುತ್ತೇನೆ ಅಂತ."

ವ್ಯಾಕರಣದ ಪ್ರಕಾರ ಸರಿಯಾಗಿಯೇ ಹೇಳಿದ್ದೆ. ಅವಳ ಕಿವಿ ಬಹಳ ಚುರುಕು. ಬಾಗಿಲಲ್ಲಿ ಯಾರು 'ಬರ್ತೀನಿ' ಅಂದರೂ, 'ಬರ್ತೀವಿ' ಅಂದರೂ, 'ಬರ್ಲಾ ಹಾಗಾದ್ರೆ' ಅಂದರೂ ಬಂದವರ ಕಾಲಮ್ಮಿನಲ್ಲಿ ಒಂದು ಗೀಟು ಹಾಕಿದಳು. ಹೆಸರುವಾಸಿ ಮಾತುಗಾರ ಅಂಕಲ್ ಒಬ್ಬರು ಚಪ್ಪಲಿ ಮೆಟ್ಟಿ ಏಳು ಜನರಿಗೆ ಏಳು ಸಲ 'ಬರ್ತೀನಿ' ಹೇಳಿದರು. ಅವಳ ಲೆಕ್ಕದಲ್ಲಿ ಏಳು ಅಂಕಲ್ ಒಳಗೆ ಬಂದರು.

ನಾನು ಆ ಹಾಳೆಯನ್ನು ನೋಡದೆಯೇ ಕಂಪ್ಯೂಟರಿಗೆ ಹಾಕಿದೆ. ನಾನು ಬರೆದ ಗಣಿತದ ಮಾದರಿಯ ಪ್ರಕಾರ ಸಾಯಂಕಾಲದೊಳಗೆ ಹಾಲ್‌ನ ಗೋಡೆ ಬಿರುಕು ಬಿಡಬೇಕಿತ್ತು, ಮುಂದಿನ ಭಾನುವಾರದ ಹೊತ್ತಿಗೆ ಇಡೀ ಜಾನ್ಸನ್‌ವಿಲ್ ಆ ಹಾಲ್‌ನೊಳಗಿರಬೇಕಿತ್ತು. ಪ್ರೊಫೆಸರ್ ವರದಿ ತಿರುವಿ ಹಾಕಿ ಕೇಳಿದರು.

"ಹೋದವರ ಕಾಲಂ ಖಾಲಿ ಇದೆ. ಇವರು ಯಾರೂ ಮನೆಗೆ ಹೋಗೋದೇ ಇಲ್ವಾ?"

"ಹೋಗ್ತಾರೆ ಸರ್. ಆದರೆ 'ಹೋಗ್ತೀನಿ' ಅಂತ ಹೇಳಲ್ಲ. ನಮ್ಮಲ್ಲಿ ಅದು ಅಪಶಕುನ."

"ಮತ್ತೆ ಏನು ಹೇಳ್ತಾರೆ?"

"'ಬರ್ತೀನಿ' ಅಂತಾರೆ."

"ಹಾಗಾದರೆ ಬರುವಾಗ?"

"ಬರುವಾಗ 'ಊಟ ಶುರುವಾಯ್ತಾ' ಅಂತಾರೆ ಸರ್."

ಮನೆಗೆ ಬಂದು ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಹುಡುಗೀದು ಏನೂ ತಪ್ಪಿಲ್ಲ ಕಣಮ್ಮ, ಬರ್ತೀನಿ ಅಂದೋರು ಬಂದೇ ಬರ್ತಾರೆ ಅಂತ ನಂಬಿದ್ದಾಳೆ" ಅಂದರು. ಪ್ರೊಫೆಸರ್ ಮಾತ್ರ ವರದಿಯ ಕೆಳಗೆ ಕೆಂಪಿನಲ್ಲಿ ಒಂದೇ ಸಾಲು ಬರೆದಿದ್ದರು: ಗಣಿತ ಸರಿಯಾಗಿದೆ, ಜನ ತಪ್ಪಾಗಿದ್ದಾರೆ.

ಹೇಗೋ

ಓದು ಮುಗಿಯುತ್ತಾ ಬಂತು. ಜೊತೆಯವರಿಗೆ ಒಂದೊಂದೇ ಕೆಲಸ ಸಿಗತೊಡಗಿತು. ಒಬ್ಬ ವಿಮಾನ ಕಂಪನಿಗೆ ಹೋದ. ಯಾವ ವಿಮಾನಕ್ಕೆ ಯಾವ ಪೈಲಟ್ ಎಂದು ಹೊಂದಿಸುವುದು ಅವನ ಕೆಲಸ. ಒಬ್ಬಳು ಕರೆಂಟ್ ಕಂಪನಿಗೆ ಹೋಗಿ, ನಾಳೆ ಊರಿಗೆಲ್ಲ ಎಷ್ಟು ವಿದ್ಯುತ್ ಬೇಕಾದೀತು ಎಂದು ಇವತ್ತೇ ಹೇಳತೊಡಗಿದಳು. ಇನ್ನೊಬ್ಬ ಆಸ್ಪತ್ರೆಯಲ್ಲಿ ಆಪರೇಷನ್‌ಗಳ ಸರದಿ ಹೊಂದಿಸಲು ಸೇರಿದ. ಕಿವಿ ಹುಡುಗಿ ಹಾಲಿನ ಟ್ಯಾಂಕರ್‌ಗಳಿಗೆ ದಾರಿ ಹಾಕಿಕೊಡುವ ಕೆಲಸ ಹಿಡಿದಳು. ನನಗೆ ಸಿಕ್ಕಿದ್ದು 'ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ' ಎನ್ನುವ ಈಮೇಲ್‌ಗಳು. ಅತ್ತೆಯ ಟಿಕೆಟ್ ಮಾತ್ರ ಬುಕ್ ಆಗಿ ಕೂತಿತ್ತು.

ಕೊನೆಗೊಂದು ಸಂದರ್ಶನ ಬಂತು. ಆಕ್ಲೆಂಡಿನ ಈಸ್ಟ್ ತಮಾಕಿಯಲ್ಲಿ ಒಂದು ಗೋದಾಮು. ಯಾವ ಲಾರಿ ಯಾವ ದಾರಿಯಲ್ಲಿ ಹೋದರೆ ಹೇಳಿದ ಹೊತ್ತಿಗೆ ತಲುಪುತ್ತದೆ ಎಂದು ಯೋಜನೆ ಮಾಡುವ ಹುದ್ದೆ. ಹಿಂದಿನ ದಿನವೇ ವಿಮಾನದಲ್ಲಿ ಹೋಗಿ ಅದೇ ಊರಿನ ಹಿಲ್ಸ್‌ಬರೋದಲ್ಲಿ ನಮ್ಮವರ ಸ್ನೇಹಿತರಾದ ಡಾಕ್ಟರ ಮನೆಯಲ್ಲಿ ಉಳಿದುಕೊಂಡೆ. "ಬೆಳಗ್ಗೆ ಕಾರಲ್ಲಿ ಬಿಡ್ತೀನಮ್ಮ" ಎಂದರು ಡಾಕ್ಟರು. ದಾರಿ ಹಾಕುವ ಕೆಲಸಕ್ಕೆ ಹೋಗುವವಳು ಇನ್ನೊಬ್ಬರ ಕಾರಿನಲ್ಲಿ ಹೋಗುವುದೇ? ಮೂರು ಬಸ್ಸು, ನಡುವೆ ಒಂದು ನಿಮಿಷವೂ ಪೋಲಾಗದಂಥ ದಾರಿಯನ್ನು ನಾನೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ.

ಮೊದಲ ಬಸ್ಸು ಎರಡು ನಿಮಿಷ ತಡವಾಗಿ ಬಂತು. ಎರಡನೆಯದು ನನ್ನ ಕಣ್ಣೆದುರೇ ಹೊರಟುಹೋಯಿತು. ಮೂರನೆಯದರ ಮುಖವನ್ನೇ ನೋಡಲಿಲ್ಲ. ಹೇಳಿದ ಹೊತ್ತಿಗೆ ಲಾರಿ ತಲುಪಿಸುವ ಕೆಲಸದ ಸಂದರ್ಶನಕ್ಕೆ ನಲವತ್ತು ನಿಮಿಷ ತಡವಾಗಿ, ಬೆವರು ಒರೆಸಿಕೊಳ್ಳುತ್ತಾ ಒಳಗೆ ಹೋದೆ.

"ದಾರಿ ಸುಲಭವಾಗಿ ಸಿಕ್ಕಿತಾ?" ಎಂದು ಕೇಳಿದ ಗೋದಾಮಿನ ಮ್ಯಾನೇಜರ್.

"ದಾರಿ ಸರಿಯಾಗಿಯೇ ಇತ್ತು, ಬಸ್ಸು ಸರಿ ಇರಲಿಲ್ಲ" ಎಂದೆ.

ಆತ ಒಳ್ಳೆಯ ಮನುಷ್ಯ, ನಕ್ಕುಬಿಟ್ಟ. ಕೊನೆಯ ಪ್ರಶ್ನೆಗೆ ಬಂದ. "ಹತ್ತು ಲಾರಿ ಹೊರಡಬೇಕು. ಮೂರು ಡ್ರೈವರ್‌ಗಳು ಹುಷಾರಿಲ್ಲ ಅಂತ ಫೋನ್ ಮಾಡಿದರು. ಏನು ಮಾಡ್ತೀರಿ?" ಇದಕ್ಕೆ ಪುಸ್ತಕದಲ್ಲಿ ಚಂದದ ಉತ್ತರವಿದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಬಸ್ಸಿನ ಹಿಂದೆ ಓಡಿದ ತಲೆಯಿಂದ ಇಂಗ್ಲಿಷ್ ಎಲ್ಲ ಇಳಿದುಹೋಗಿ, ಅಜ್ಜಿ ಮುತ್ತಜ್ಜಿಯರ ಕಾಲದ ಧೈರ್ಯವೊಂದೇ ಉಳಿದಿತ್ತು.

"ಐ ವಿಲ್ ಸಮ್‌ಹೌ ಮ್ಯಾನೇಜ್" ಎಂದೆ.

ಆತ ಪೆನ್ನು ನಿಲ್ಲಿಸಿದ. "ಸಮ್‌ಹೌ?"

"ಯೆಸ್, ಸಮ್‌ಹೌ" ಎಂದು ಬಲವಾಗಿ ತಲೆಯಾಡಿಸಿದೆ.

ಎರಡು ದಿನಕ್ಕೆ ಈಮೇಲ್ ಬಂತು. ನಿಮ್ಮ ಆತ್ಮವಿಶ್ವಾಸ ಮೆಚ್ಚುಗೆಯಾಯಿತು, ಆದರೆ ನಮಗೆ ಬೇಕಾಗಿರುವುದು 'ಹೇಗೋ' ಮಾಡುವವರಲ್ಲ, 'ಹೇಗೆ' ಎಂದು ಹೇಳಬಲ್ಲವರು ಎನ್ನುವುದು ಅದರ ಸಾರಾಂಶ. ಅವತ್ತು ನನಗೆ ನಿಜಕ್ಕೂ ಅಳು ಬಂತು. ಊಟಕ್ಕೆ ಕೂತವಳು ಅನ್ನವನ್ನು ಬೆರಳಲ್ಲಿ ಕೆದಕುತ್ತಿದ್ದೆ. ಅತ್ತೆ ನನ್ನ ಅನ್ನದ ಮೇಲೆ ಇನ್ನೊಂದು ಸೌಟು ಸಾರು ಹಾಕಿದರು.

"ಉಣ್ಣಮ್ಮ" ಅಂದರು. "ಇದಕ್ಕೆ ನೀರು ಹಾಕಿಲ್ಲ."

ಡ್ಯೂಟಿ ಚಾರ್ಟು

ಉಳಿದಿದ್ದು ಒಂದೇ ದಾರಿ, ಕೊನೆಯ ಪ್ರಾಜೆಕ್ಟು. ವಯಸ್ಸಾದವರು ಇರುವ ಒಂದು ರೆಸ್ಟ್ ಹೋಮ್. ಅಲ್ಲಿ ಆರೈಕೆ ಮಾಡುವ ಹದಿನೆಂಟು ಜನಕ್ಕೆ ಎರಡು ವಾರದ ಪಾಳಿ ಹಾಕಿಕೊಡಬೇಕು. ಅಲ್ಲಿನ ಮ್ಯಾನೇಜರ್ ಗಟ್ಟಿ ದನಿಯ ಹೆಂಗಸು. "ನಾನು ಯಾವ ಪಾಳಿ ಹಾಕಿದರೂ ಹದಿನೆಂಟು ಜನವೂ ಗೊಣಗುತ್ತಾರೆ. ಗೊಣಗದಂಥ ಪಾಳಿ ಹಾಕಿಕೊಡಿ, ಕೆಲಸ ನಿಮ್ಮದೇ" ಎಂದರು. ಅತ್ತೆ ಹೊರಡಲು ಮೂರು ವಾರ ಉಳಿದಿತ್ತು.

ನಿಯಮಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದೆ. ಒಬ್ಬರಿಗೆ ಇಷ್ಟೇ ಗಂಟೆ, ಇಷ್ಟು ದಿನಕ್ಕೊಂದು ರಜ, ಭಾನುವಾರಗಳು ಎಲ್ಲರಿಗೂ ಸಮ ಸಮ. ಗುಂಡಿ ಒತ್ತಿದೆ. 'ಸಾಧ್ಯವಿಲ್ಲ' ಎಂದಿತು. ಒಂದಿಷ್ಟು ತಿದ್ದಿ ಮತ್ತೆ ಒತ್ತಿದೆ. 'ಸಾಧ್ಯವಿಲ್ಲ.' ನಾಲ್ಕು ದಿನ ಅದಕ್ಕೆ ಬೇರೆ ಮಾತೇ ಬರಲಿಲ್ಲ.

ಐದನೆಯ ದಿನ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಇದು ಡ್ಯೂಟಿ ಚಾರ್ಟಲ್ವೇನಮ್ಮ?"

"ಅಲ್ಲ ಅತ್ತೆ. ಇದು ಇಂಟೀಜರ್ ಪ್ರೋಗ್ರಾಮಿಂಗ್ ಅಂತ. ನಿಮಗೆ ಹೇಳೋದು ಕಷ್ಟ."

"ಹೆಸರು ಏನಾದ್ರೂ ಇಟ್ಕೋ. ಇದು ಡ್ಯೂಟಿ ಚಾರ್ಟೇ. ಇಪ್ಪತ್ತಾರು ವರ್ಷ ಡಿಪೋದಲ್ಲಿ ನಾನು ಬರೆದಿದ್ದು ಇದನ್ನೇ. ಡ್ರೈವರು ಕಂಡಕ್ಟರು ಎಲ್ಲಾ ಸೇರಿ ಇನ್ನೂರು ಜನಕ್ಕೆ."

ಹೇಳಿದ್ದೆನಲ್ಲ, ನಾಚಿಕೆಯಾಗುವ ಜಾಗ ಬರುತ್ತದೆ ಅಂತ, ಅದು ಇದೇ. ಐದು ತಿಂಗಳಿಂದ ಈ ಹೆಂಗಸಿಗೆ ನಾನು ಸಾರು, ನೀರು ಎಂದು ಪಾಠ ಮಾಡಿದ್ದೆ.

ಅತ್ತೆ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು, ತಮ್ಮ ಕೈಚೀಲದಿಂದ ಒಂದು ಮೋಟು ಪೆನ್ಸಿಲ್ಲು, ಒಂದು ಸವೆದ ರಬ್ಬರು ತೆಗೆದು ಕೂತರು. "ಇದರಲ್ಲಿ ಯಾರಿಗೆ ಯಾರನ್ನ ಕಂಡರೆ ಆಗಲ್ಲ?" ಎಂದು ಕೇಳಿದರು.

"ಅದು ಡೇಟಾದಲ್ಲಿ ಇಲ್ಲ ಅತ್ತೆ."

"ಯಾರಿಗೆ ಯಾವ ದಿನ ರಜ ಕೊಟ್ಟರೆ ಖುಷಿ?"

"ಅದೂ ಇಲ್ಲ."

"ಮತ್ತೆ ಇನ್ನೇನಿದೆ ನಿನ್ನ ಡೇಟಾದಲ್ಲಿ? ಹೋಗು, ಅವರ ಜೊತೆ ಕೂತು ಟೀ ಕುಡಿದು ಬಾ."

ಮಾರನೆಯ ದಿನ ಹೋಗಿ ಎಲ್ಲರ ಜೊತೆಗೂ ಟೀ ಕುಡಿದೆ. ಮೈಕ್ರೋವೇವಿನಲ್ಲಿ ಮೀನು ಬಿಸಿ ಮಾಡಿದ ವಿಷಯಕ್ಕೆ ಇಬ್ಬರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಐದಾರು ಜನರಿಗೆ ಚರ್ಚಿಗೆ ಹೋಗಲು ಭಾನುವಾರ ಬೇಕೇ ಬೇಕಿತ್ತು. ಇನ್ನು ಕೆಲವರಿಗೆ ಭಾನುವಾರ ಮನೆಯಲ್ಲಿದ್ದರೆ ಅತ್ತೆಮನೆಯವರು ಬರುತ್ತಾರೆಂದು ಡ್ಯೂಟಿಯೇ ವಾಸಿಯಾಗಿತ್ತು. ಅತ್ತೆ ಕೇಳಿ, ನನ್ನ ಕಾಗದದಲ್ಲಿ 'ಭಾನುವಾರ ಎಲ್ಲರಿಗೂ ಸಮ' ಎನ್ನುವ ಸಾಲನ್ನು ರಬ್ಬರಿನಿಂದ ಉಜ್ಜಿ ಹಾಕಿದರು. "ಸಮ ಮಾಡಬೇಡ, ಸರಿ ಮಾಡು" ಅಂದರು. ಆ ಒಂದು ಸಾಲು ತೆಗೆದು, ಟೀಯಲ್ಲಿ ಸಿಕ್ಕ ವಿಷಯಗಳನ್ನು ಸೇರಿಸಿ ಗುಂಡಿ ಒತ್ತಿದೆ. ನಾಲ್ಕು ದಿನ ಮುನಿಸಿಕೊಂಡಿದ್ದ ಕಂಪ್ಯೂಟರು ಕಣ್ಣು ಮಿಟುಕಿಸುವುದರೊಳಗೆ ಪಾಳಿ ಹಾಕಿಕೊಟ್ಟಿತು. ಅತ್ತೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಚಾರ್ಟಿಗೂ ಅದಕ್ಕೂ ಎರಡೇ ಮನೆ ವ್ಯತ್ಯಾಸ. ಆ ಎರಡರಲ್ಲೂ ಅತ್ತೆಯದೇ ಸರಿ ಇತ್ತು.

ಒಪ್ಪಿಸುವ ದಿನ ಸ್ಕೂಲಿಗೆ ರಜ. ಅತ್ತೆ, ಮಗಳು ಇಬ್ಬರೂ ಜೊತೆಗೆ ಬಂದರು. ಮ್ಯಾನೇಜರ್ ಚಾರ್ಟಿನ ಮೇಲೆ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ನಿಂತರು. "ಈ ಇಬ್ಬರನ್ನು ಒಟ್ಟಿಗೆ ಹಾಕಬಾರದು ಅಂತ ಹೇಗೆ ಗೊತ್ತಾಯಿತು? ನಾನು ಹೇಳಿರಲಿಲ್ಲವಲ್ಲ!"

ನಾನು ಗಂಟಲು ಸರಿಮಾಡಿಕೊಂಡು, "ಅದು ನಮ್ಮ ಮಾದರಿಯ ವಿಶೇಷ" ಎಂದೆ.

"ಅಜ್ಜಿ ಡಿಡ್ ಇಟ್" ಎಂದಳು ಮಗಳು.

ಮ್ಯಾನೇಜರ್ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗು ಸರಿಮಾಡಿಕೊಂಡು ತಮ್ಮ ಡಿಪೋ ಇಂಗ್ಲಿಷಿನಲ್ಲಿ ಹೇಳಿದರು: "ಟ್ವೆಂಟಿ ಸಿಕ್ಸ್ ಇಯರ್ಸ್. ಡ್ಯೂಟಿ ಚಾರ್ಟ್. ಮೈಸೂರ್." ಆಮೇಲೆ ಇಬ್ಬರೂ ಚಾರ್ಟಿನ ಮೇಲೆ ತಲೆ ಬಗ್ಗಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ಬರದಿದ್ದರೂ, ಸುಳ್ಳು ಹೇಳಿ ರಜ ಹಾಕುವವರ ವಿಷಯದಲ್ಲಿ ಪೂರ್ತಿ ಅರ್ಥವಾಗುತ್ತಿತ್ತು. ನಾನು ಲ್ಯಾಪ್‌ಟಾಪ್ ತಬ್ಬಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಕೊನೆಗೆ ಮ್ಯಾನೇಜರ್ ನೆಟ್ಟಗೆ ನಿಂತು, ನನ್ನ ಎದುರಿಗೇ ನನ್ನ ಅತ್ತೆಯನ್ನು ಕೇಳಿದರು: "ನೀವು ಯಾವತ್ತಿಂದ ಕೆಲಸಕ್ಕೆ ಬರ್ತೀರಿ?"

ಅತ್ತೆ ಕೈ ಅಲ್ಲಾಡಿಸಿದರು. "ನೋ ನೋ. ವಿಸಿಟರ್ ವೀಸಾ. ಟೇಕ್ ಮೈ ಡಾಟರ್ ಇನ್ ಲಾ."

ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಸೇರಿಸಿದರು: "ಶೀ ವಿಲ್ ಸಮ್‌ಹೌ ಮ್ಯಾನೇಜ್."

ಬರ್ತೀನಿ

ಹೀಗೆ ನನಗೆ ಕೆಲಸ ಸಿಕ್ಕಿತು. ಅತ್ತೆ ಕಣ್ಣಾರೆ ನೋಡಿದರು, ನೋಡಿದ್ದಲ್ಲದೆ ಅವರೇ ಕೊಡಿಸಿದರು. ಅವರು ಹೊರಡುವ ದಿನವಾದರೂ ನನ್ನ ವಿದ್ಯೆ ಅವರ ಉಪಯೋಗಕ್ಕೆ ಬರಲೆಂದು ಸೂಟ್‌ಕೇಸ್ ತುಂಬುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅದಕ್ಕೂ ನಮ್ಮಲ್ಲಿ ಒಂದು ಲೆಕ್ಕವಿದೆ. ಚೀಲದಲ್ಲಿ ಹಿಡಿಸುವುದು ಇಷ್ಟೇ ತೂಕ. ತೂಕ ಕಮ್ಮಿ, ಬೆಲೆ ಜಾಸ್ತಿ ಇರುವುದನ್ನು ಮೊದಲು ಹಾಕುತ್ತಾ ಹೋಗಬೇಕು. ಜೇನಿನ ಬಾಟಲಿ, ಉಣ್ಣೆಯ ಸ್ವೆಟರು, ತಂಗಿಗೆ ಕ್ರೀಮು, ಪಕ್ಕದ ಮನೆಯವರಿಗೆ ಚಾಕಲೇಟು, ಎಲ್ಲಕ್ಕೂ ಅಂಕ ಕೊಟ್ಟೆ. ಮಗಳು ಸಮುದ್ರದ ದಡದಿಂದ ಆರಿಸಿಕೊಟ್ಟಿದ್ದ ಕಲ್ಲಿಗೆ ತೂಕ ಜಾಸ್ತಿ, ಬೆಲೆ ಸೊನ್ನೆ ಎಂದು ಹೊರಗಿಟ್ಟೆ.

ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಹುಡುಗಿ ಕೈ ಚಾಚಿದಳು. "ಪಾಸ್‌ಪೋರ್ಟ್ ಪ್ಲೀಸ್."

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಲೆಕ್ಕ ಅಕ್ಷರಶಃ ಸರಿಯಾಗಿತ್ತು. ತೂಕ ಅತಿ ಕಮ್ಮಿ, ಬೆಲೆ ಅತಿ ಜಾಸ್ತಿ ಇದ್ದ ವಸ್ತುವನ್ನು ನಾನು ಎಲ್ಲಕ್ಕಿಂತ ಮೊದಲು ಹಾಕಿದ್ದೆ. ಎಲ್ಲಕ್ಕಿಂತ ಮೊದಲು ಹಾಕಿದ್ದು ಎಲ್ಲಕ್ಕಿಂತ ಅಡಿಯಲ್ಲಿತ್ತು.

ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿದೆವು. ಜೇನು, ಸ್ವೆಟರು, ಕ್ರೀಮು, ಅತ್ತೆಯ ಲಂಗಗಳು ಎಲ್ಲ ವೆಲಿಂಗ್ಟನ್ನಿನ ಜನರ ದರ್ಶನಕ್ಕೆ ಸಿಕ್ಕವು. ನಡುವೆ ನಾನು ಹೊರಗಿಟ್ಟಿದ್ದ ಕಲ್ಲೂ ಸಿಕ್ಕಿತು, ಸೀರೆಯ ಮಡಿಕೆಯೊಳಗೆ. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಒಳಗೇ ಸೇರಿಸಿದರು. ಹಿಂದೆ ಸಾಲು ಬಾಗಿಲವರೆಗೆ ಬೆಳೆದಿತ್ತು. ನಮ್ಮವರು ಬಗ್ಗಿ ಕಿವಿಯಲ್ಲಿ ಹೇಳಿದರು: "ವರ್ಷವೆಲ್ಲ ಕ್ಯೂ ಬಗ್ಗೆ ಓದಿದ್ದಕ್ಕೆ ಒಂದನ್ನ ಸ್ವಂತವಾಗಿ ಮಾಡಿದೆ ನೋಡು."

ಅಂತೂ ಪಾಸ್‌ಪೋರ್ಟ್ ಸಿಕ್ಕಿತು. ಸೆಕ್ಯೂರಿಟಿಯ ಸಾಲಿನ ಹತ್ತಿರ ಬಂದೆವು, ಅಲ್ಲಿಂದ ಮುಂದೆ ನಮಗೆ ಪ್ರವೇಶವಿಲ್ಲ. ಅತ್ತೆ ಮಗನ ತಲೆ ಸವರಿದರು, ಮೊಮ್ಮಗಳನ್ನು ತಬ್ಬಿಕೊಂಡರು. ನಾನು ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ಥ್ಯಾಂಕ್ಸ್ ಎಂದರೆ ಸಾಲದು, ಕನ್ನಡದಲ್ಲಿ ಅದಕ್ಕಿಂತ ದೊಡ್ಡದನ್ನು ಅತ್ತೆಗೆ ಹೇಳಿ ಅಭ್ಯಾಸವಿಲ್ಲ.

"ಬರ್ತೀನಿ ಕಣಮ್ಮ" ಎಂದರು ಅತ್ತೆ.

ಮಗಳು ಅಜ್ಜಿಯ ಕೈ ಹಿಡಿದು, ಆರು ತಿಂಗಳಲ್ಲಿ ಮೊದಲ ಸಲ ಪೂರ್ತಿ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಬರ್ತೀನಿ ಅಂದ್ರೆ ಹೋಗೋದು ಅಲ್ವಾ?"

"ನಿಮ್ಮಮ್ಮನ್ನ ಕೇಳು, ಅದರಲ್ಲೇ ಓದಿರೋದು ಅವಳು" ಎಂದು ಅತ್ತೆ ಸಾಲಿಗೆ ಸೇರಿಕೊಂಡರು. ಸಾಲು ಹಾವಿನಂತೆ ತಿರುಗಿ ತಿರುಗಿ ಮುಂದೆ ಸಾಗಿತು. ಅವರ ಹಸಿರು ಸೀರೆ ಕಾಣುವವರೆಗೂ ನೋಡಿದೆ. ಆಮೇಲೆ ಕಣ್ಣು ಮಂಜಾಗಿ ಎಲ್ಲ ಸೀರೆಯೂ ಹಸಿರಾಗಿಯೇ ಕಂಡಿತು. ಅಲ್ಲಿದ್ದ ಸೀರೆ ಅದೊಂದೇ.

ನಾನು ಮೂಗು ಒರೆಸಿಕೊಳ್ಳುತ್ತಿರುವಾಗ ಸಾಲಿನಲ್ಲಿ ಗಲಿಬಿಲಿ ಕೇಳಿಸಿತು. ಅತ್ತೆ ಅಡ್ಡಪಟ್ಟಿಗಳ ಕೆಳಗೆ ಬಗ್ಗಿ ಬಗ್ಗಿ, ಎದುರು ಸಿಕ್ಕವರಿಗೆಲ್ಲ "ಸಾರಿ ಸಾರಿ" ಎನ್ನುತ್ತಾ ವಾಪಸ್ ಬರುತ್ತಿದ್ದರು. ಪಾಸ್‌ಪೋರ್ಟ್ ಮತ್ತೆ ಏನಾಯಿತೋ ಎಂದು ನಾನು ಅಡ್ಡಪಟ್ಟಿಯವರೆಗೆ ಓಡಿದೆ. ಅತ್ತೆ ಏದುಸಿರು ಬಿಡುತ್ತಾ ಕೈಚೀಲಕ್ಕೆ ಕೈ ಹಾಕಿ, ಮೋಟು ಪೆನ್ಸಿಲ್ಲನ್ನೂ ಸವೆದ ರಬ್ಬರನ್ನೂ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಸೋಮವಾರದಿಂದ ಕೆಲಸ ಅಲ್ವಾ? ರಬ್ಬರ್ ಇಲ್ದೆ ಚಾರ್ಟ್ ಬರೀಬೇಡ."

ನಾನು ಜೋರಾಗಿಯೇ ಅತ್ತುಬಿಟ್ಟೆ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, ಮತ್ತೆ ಸಾಲಿನ ಕಡೆ ತಿರುಗಿದವರು ಏನೋ ನೆನಪಾದಂತೆ ನಿಂತರು.

"ಹಾಂ, ಆ ನಿನ್ನ ಕಿವಿ ಹುಡುಗಿಗೆ ಒಂದು ಫೋನ್ ಮಾಡು."

"ಏನಂತ ಅತ್ತೆ?"

"ಬರ್ತೀನಿ ಅಂದೋಳು ಬಂದಳು, ನೀನು ಬರ್ಕೊಂಡಿದ್ದೇ ಸರಿ ಅಂತ."